ಇಂಗ್ಲೆಂಡಿನಲ್ಲಿ ಮನೆಯಿಂದಲೇ ಚೈಲ್ಡ್‌ಮೈಂಡರ್ ಆಗಹೊರಟವರಿಗೆ

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರ ನಡುವೆ ಒಂದು ಏರ್ಪಾಡು ಸದ್ದಿಲ್ಲದೆ ನಡೆದುಬಂದಿದೆ. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವಾಗ ಮಗುವನ್ನು ಎರಡು ಬೀದಿ ಆಚೆಗಿರುವ ಆಂಟಿಯ ಮನೆಯಲ್ಲಿ ಬಿಡುವುದು, ತಿಂಗಳ ಕೊನೆಗೆ ಲಕೋಟೆಯಲ್ಲಿ ಒಂದಿಷ್ಟು ಹಣ ಕೊಡುವುದು. ಕೊಡುವವರಿಗೂ ಪಡೆಯುವವರಿಗೂ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಎಂಟು ವರ್ಷದೊಳಗಿನ ಮಗುವನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು, ಪ್ರತಿಫಲ ಪಡೆದು, ತಮ್ಮ ಮನೆಯಲ್ಲಿ ನೋಡಿಕೊಳ್ಳುವವರು ‘ಚೈಲ್ಡ್‌ಮೈಂಡರ್’ ಎಂದು ನೋಂದಾಯಿಸಿಕೊಳ್ಳಲೇಬೇಕೆಂಬುದು ಇಲ್ಲಿಯ ಕಾನೂನು. ಅಜ್ಜಿ, ತಾತ, ಸೋದರತ್ತೆ, ಚಿಕ್ಕಮ್ಮ ಮುಂತಾದ ಬಂಧುಗಳಿಗೆ ವಿನಾಯಿತಿ ಉಂಟು. ನಾವು ಬಾಯ್ತುಂಬ ಆಂಟಿ ಎಂದು ಕರೆದ ಮಾತ್ರಕ್ಕೆ ಯಾರೂ ಕಾನೂನಿನ ಕಣ್ಣಿಗೆ ಚಿಕ್ಕಮ್ಮನಾಗುವುದಿಲ್ಲ. 2009ರಲ್ಲಿ ಇಬ್ಬರು ಮಹಿಳಾ ಪೊಲೀಸರು, ಹಣದ ಮಾತೇ ಇಲ್ಲದೆ, ಒಬ್ಬರ ಮಗುವನ್ನು ಇನ್ನೊಬ್ಬರು ಸರದಿಯಂತೆ ನೋಡಿಕೊಳ್ಳುತ್ತಿದ್ದುದಕ್ಕೇ, ಶಾಲೆ ಮತ್ತು ಶಿಶುಪಾಲನೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಆಫ್‌ಸ್ಟೆಡ್ ಆಕ್ಷೇಪ ಎತ್ತಿತ್ತು. ಗದ್ದಲವಾದ ಮೇಲೆ ಸ್ನೇಹಿತರ ನಡುವಿನ ಇಂಥ ಪರಸ್ಪರ ನೆರವಿಗೆ ವಿನಾಯಿತಿ ದೊರೆಯಿತು. ಲಕೋಟೆಗೆ ಮಾತ್ರ ಆ ವಿನಾಯಿತಿ ಇಲ್ಲ.

ನಾನು ಇಲ್ಲಿ ಹೇಳುವುದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಬೇರೆ ಸಂಸ್ಥೆಗಳಿವೆ, ಬೇರೆ ನಿಯಮಗಳಿವೆ.

ಮೊದಲು ವೀಸಾ ನೋಡಿಕೊಳ್ಳಿ. ಚೈಲ್ಡ್‌ಮೈಂಡರ್ ಕೆಲಸ ಸ್ವಯಂ ಉದ್ಯೋಗ. ವಿದ್ಯಾರ್ಥಿ ವೀಸಾದ ಮೇಲೆ ಬಂದವರಿಗೆ ಸ್ವಯಂ ಉದ್ಯೋಗಕ್ಕೆ ಅನುಮತಿಯಿಲ್ಲ. ಸ್ಕಿಲ್ಡ್ ವರ್ಕರ್ ವೀಸಾ ಇರುವವರ ಸಂಗಾತಿಯಾಗಿ ಡಿಪೆಂಡೆಂಟ್ ವೀಸಾದ ಮೇಲೆ ಬಂದವರು ಇದನ್ನು ಮಾಡಬಹುದು, ಮತ್ತು ನಮ್ಮ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿ ಬಂದಿರುವುದು ಆ ದಾರಿಯಿಂದಲೇ.

ಅರ್ಜಿಯನ್ನು ಆಫ್‌ಸ್ಟೆಡ್‌ಗೆ ನೇರವಾಗಿ ಹಾಕಬಹುದು, ಇಲ್ಲವೇ ಚೈಲ್ಡ್‌ಮೈಂಡರ್ ಏಜೆನ್ಸಿಯೊಂದರ ಮೂಲಕ ನೋಂದಾಯಿಸಿಕೊಳ್ಳಬಹುದು. ಶಾಲೆಗೆ ಸೇರದ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವರು ಅರ್ಲಿ ಇಯರ್ಸ್ ರಿಜಿಸ್ಟರ್‌ನಲ್ಲಿ ಇರಬೇಕು. ಅದರ ಶುಲ್ಕ 35 ಪೌಂಡ್, ಅದೇನೂ ಹೊರೆಯಲ್ಲ. ಹೊತ್ತು ತಿನ್ನುವುದು ಹಿನ್ನೆಲೆ ಪರಿಶೀಲನೆ. ನಿಮಗಷ್ಟೇ ಅಲ್ಲ, ಮನೆಯಲ್ಲಿ ವಾಸವಾಗಿರುವ 16 ವರ್ಷ ತುಂಬಿದ ಎಲ್ಲರಿಗೂ ಡಿಬಿಎಸ್ ಎಂಬ ಅಪರಾಧ ದಾಖಲೆಯ ತಪಾಸಣೆ ಆಗಬೇಕು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಊರಿನ ಹುಡುಗನೂ ಇದರಲ್ಲಿ ಸೇರಿದ. ಕಳೆದ ಐದು ವರ್ಷಗಳಲ್ಲಿ ಹೊರದೇಶದಲ್ಲಿ ವಾಸವಿದ್ದವರು ಆ ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ಒದಗಿಸಬೇಕಾಗುತ್ತದೆ. ಆದ್ದರಿಂದ ಇನ್ನೂ ಊರಿನಲ್ಲೇ ಇದ್ದು ಹೊರಡುವ ತಯಾರಿಯಲ್ಲಿರುವವರು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಈ ಪ್ರಮಾಣಪತ್ರವನ್ನು (ಪಿಸಿಸಿ) ಮಾಡಿಸಿಕೊಂಡೇ ವಿಮಾನ ಹತ್ತುವುದು ಮೇಲು. ಇಲ್ಲಿಗೆ ಬಂದ ಮೇಲೆ ಭಾರತದ ಹೈಕಮಿಷನ್‌ಗಾಗಿ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರಕ್ಕೆ ಅಲೆಯಬೇಕಾಗುತ್ತದೆ.

ಪ್ರಥಮ ಚಿಕಿತ್ಸೆಯ ತರಬೇತಿಯ ವಿಷಯದಲ್ಲಿ ನಾನು ಎಡವಿದ್ದನ್ನು ಹೇಳಿಬಿಡುತ್ತೇನೆ. ಅಗ್ಗಕ್ಕೆ ಸಿಕ್ಕಿತೆಂದು ಆರು ಗಂಟೆಯ ಒಂದು ಕೋರ್ಸ್ ಮುಗಿಸಿ, ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೂ ತೂಗುಹಾಕಿದ್ದೆ. ಬೇಕಾಗಿದ್ದುದು ಮಕ್ಕಳಿಗೆ ಸಂಬಂಧಿಸಿದ ಹನ್ನೆರಡು ಗಂಟೆಯ ಪೂರ್ಣ ತರಬೇತಿ. ದುಡ್ಡು ಎರಡು ಸಲ ತೆತ್ತೆ, ಚೌಕಟ್ಟು ಮಾತ್ರ ಉಳಿಯಿತು. ಮೂರು ವರ್ಷಕ್ಕೊಮ್ಮೆ ಇದನ್ನು ನವೀಕರಿಸಬೇಕು.

ಎಷ್ಟು ಮಕ್ಕಳು ಎಂಬ ಲೆಕ್ಕ ಹೀಗಿದೆ. ಎಂಟು ವರ್ಷದೊಳಗಿನವರು ಒಟ್ಟು ಆರು. ಅವರಲ್ಲಿ ಐದು ವರ್ಷ ತುಂಬಿ ಮುಂದಿನ ಸೆಪ್ಟೆಂಬರ್ 1 ಬರುವವರೆಗಿನ ಪುಟ್ಟವರು ಸಾಮಾನ್ಯವಾಗಿ ಮೂವರು. ಆ ಮೂವರಲ್ಲಿ ಒಂದು ವರ್ಷದೊಳಗಿನ ಕೂಸು ಒಂದೇ. ನಿಮ್ಮ ಸ್ವಂತ ಮಕ್ಕಳೂ ಈ ಲೆಕ್ಕದಲ್ಲಿ ಸೇರುತ್ತಾರೆಂಬುದನ್ನು ಹಲವರು ಮರೆತು, ಬರುವ ಆದಾಯವನ್ನು ಮನಸ್ಸಿನಲ್ಲೇ ಗುಣಿಸಿಕೊಂಡಿರುತ್ತಾರೆ. ಜಾಗಕ್ಕೂ ಅಳತೆಯಿದೆ: ಎರಡು ವರ್ಷದೊಳಗಿನ ಮಗುವೊಂದಕ್ಕೆ 3.5 ಚದರ ಮೀಟರ್, ಎರಡರ ಮಗುವಿಗೆ 2.5, ಮೂರರಿಂದ ಐದರವರಿಗೆ 2.3. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಬೇರೆಯವರಿಗೆ ಹಾನಿಯಾದರೆ ಪರಿಹಾರ ಭರಿಸುವ ಪಬ್ಲಿಕ್ ಲಯಬಿಲಿಟಿ ವಿಮೆಯೂ ಬೇಕು.

ನೋಂದಣಿಗೆ ಮುನ್ನ ಮನೆ ನೋಡಲು ಅಧಿಕಾರಿ ಬರುತ್ತಾರೆ. ನನ್ನ ಮನೆಗೆ ಬಂದ ಮಹಿಳೆ ಗೋಡೆಯ ಬಣ್ಣ, ಆಟಿಕೆಯ ಕಪಾಟು ಯಾವುದನ್ನೂ ಗಮನಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಂಡಿಯೂರಿ ಕುಳಿತು, ಮಗುವಿನ ಕಣ್ಣಳತೆಗೆ ಏನೇನು ಕಾಣುತ್ತದೆಂದು ನೋಡಿದರು. ಸಿಂಕಿನ ಕೆಳಗೆ ಒರಗಿಸಿಟ್ಟಿದ್ದ ಈಳಿಗೆಮಣೆ ಅವರಿಗೆ ಕಂಡಿತು. ಅದು ಏನೆಂದು ವಿವರಿಸಿದಾಗ ಅವರ ಹುಬ್ಬು ಏರಿದ ರೀತಿಯನ್ನು ನಾನು ಮರೆತಿಲ್ಲ. ಅಂದಿನಿಂದ ಅದು ಬೀಗದ ಕಪಾಟಿನಲ್ಲಿದೆ. ದೇವರ ದೀಪವನ್ನು ಮಕ್ಕಳು ಬರುವ ಮುನ್ನವೇ ಶಾಂತ ಮಾಡುತ್ತೇನೆ. ಸೀರೆಯ ಜೋಲಿ ಕಟ್ಟುವ ಆಸೆಯನ್ನು ಬಿಟ್ಟು, ಕೂಸನ್ನು ತೊಟ್ಟಿಲಿನ ಗಟ್ಟಿ ಹಾಸಿಗೆಯ ಮೇಲೆ ಬೆನ್ನಡಿಯಾಗಿಯೇ ಮಲಗಿಸುತ್ತೇನೆ.

ಊಟದ ವಿಷಯಕ್ಕೆ ನಮ್ಮವರು ಹೆಚ್ಚು ಗಮನ ಕೊಡಬೇಕು, ಏಕೆಂದರೆ ನಮ್ಮ ಆತ್ಮವಿಶ್ವಾಸ ಅಲ್ಲೇ ಹೆಚ್ಚು. ತಿನಿಸಿನಲ್ಲಿ ಇದೆಯೆಂದು ತಿಳಿಸಲೇಬೇಕಾದ ಹದಿನಾಲ್ಕು ಅಲರ್ಜಿಕಾರಕಗಳ ಪಟ್ಟಿ ಇಲ್ಲಿದೆ. ಅದರಲ್ಲಿ ಸಾಸಿವೆ ಇದೆ, ಎಂದರೆ ನಮ್ಮ ಪ್ರತಿಯೊಂದು ಒಗ್ಗರಣೆಯೂ ಇದೆ. ಎಳ್ಳು ಇದೆ, ಕಡಲೆಕಾಯಿ ಇದೆ, ಗೋಡಂಬಿ ಇದೆ. ಅಂಗಡಿಯ ಇಂಗಿನ ಡಬ್ಬಿಯ ಹಿಂಭಾಗ ಓದಿ ನೋಡಿ, ಎಷ್ಟೋ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಮೊದಲ ವರ್ಷದ ಸಂಕ್ರಾಂತಿಯಂದು ನಾನು ಸಂಭ್ರಮದಿಂದ ಮಕ್ಕಳ ಕೈಗೆ ಎಳ್ಳುಬೆಲ್ಲ ಹಾಕಿದ್ದೆ. ಸಂಜೆ ಒಂದು ಮಗುವಿನ ತಾಯಿ ಪೊಟ್ಟಣವನ್ನು ಬಿಚ್ಚಿ ನೋಡಿ, ಎಳ್ಳು ಯಾವುದು, ಕಡಲೆಕಾಯಿ ಯಾವುದು ಎಂದು ಬೆರಳಿನಿಂದ ಬೇರ್ಪಡಿಸುತ್ತ ಕೇಳಿದಾಗಲೇ ನನಗೆ ಎದೆ ಧಸಕ್ಕೆಂದದ್ದು. ಮಗುವಿಗೆ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ಅಲರ್ಜಿಯ ಮಾತು ಹಾಗಿರಲಿ, ಇಡೀ ಕಡಲೆಬೀಜವನ್ನು ಐದು ವರ್ಷದೊಳಗಿನವರಿಗೆ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಬೇಕು. ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನು ಸವರುವ ಪದ್ಧತಿಯನ್ನು ಇಲ್ಲಿ ಖಂಡಿತ ಅನುಸರಿಸಬೇಡಿ.

ಪುಟ್ಟ ಮಕ್ಕಳ ಪಾಲನೆ ಮತ್ತು ಕಲಿಕೆ ಹೇಗಿರಬೇಕೆಂದು ಹೇಳುವ ಇವೈಎಫ್‌ಎಸ್ ಎಂಬ ಶಾಸನಬದ್ಧ ಚೌಕಟ್ಟನ್ನು ಒಮ್ಮೆಯಾದರೂ ಪೂರ್ತಿ ಓದಿ. ಚೈಲ್ಡ್‌ಮೈಂಡರ್‌ಗಳಿಗೆಂದೇ ಪ್ರತ್ಯೇಕ ಪ್ರತಿ ಇದೆ. ಅದರಲ್ಲಿ ಹೊಡೆಯುವುದಕ್ಕೆ ಮಾತ್ರವಲ್ಲ, ಹೊಡೆಯುತ್ತೇನೆಂದು ಹೆದರಿಸುವುದಕ್ಕೂ ನಿಷೇಧವಿದೆ. "ಒಂದು ಬಿಟ್ಟೆ ಅಂದ್ರೆ ನೋಡು" ಎಂದು ನಾವು ಪ್ರೀತಿಯಿಂದಲೇ ಗದರುವ ಮಾತನ್ನು ನಾಲಿಗೆಯಿಂದ ಅಳಿಸಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು. ಸಂತೋಷದ ವಿಷಯವೂ ಅದೇ ಚೌಕಟ್ಟಿನಲ್ಲಿದೆ: ಇಂಗ್ಲಿಷಿನ ಜೊತೆಗೆ ಮಗುವಿನ ಮನೆಮಾತಿಗೂ ಆಟದಲ್ಲಿ ಅವಕಾಶ ಕಲ್ಪಿಸಬೇಕೆಂದು ಅದು ಹೇಳುತ್ತದೆ. ಕನ್ನಡದ ಮಗುವಿನೊಂದಿಗೆ ಕನ್ನಡ ಆಡುವುದು ಇಲ್ಲಿ ನಿಮ್ಮ ಕೆಲಸದ ಒಂದು ಭಾಗವೇ.

ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುವುದಾದರೆ ಆಫ್‌ಸ್ಟೆಡ್‌ಗೆ ಮುಂಚಿತವಾಗಿ ತಿಳಿಸಿ, ಯಾವ ತಪಾಸಣೆ ಬೇಕೆಂದು ಕೇಳಿಕೊಳ್ಳಿ. ವಿಸಿಟರ್ ವೀಸಾದಲ್ಲಿ ಬಂದವರು ಸಂಬಳವಿಲ್ಲದೆಯೂ ಕೆಲಸ ಮಾಡುವಂತಿಲ್ಲ. ಅಮ್ಮ ತನ್ನ ಮೊಮ್ಮಗನಿಗೆ ತುತ್ತು ಕೊಡಬಹುದು. ನೀವು ಹಾಲು ತರಲು ಹೋದಾಗ ಬೇರೆಯವರ ಮಕ್ಕಳನ್ನು ಅಪ್ಪ ಅಮ್ಮನ ವಶಕ್ಕೆ ಬಿಟ್ಟು ಹೋಗುವಂತಿಲ್ಲ.

ಕೆಲಸ ಆರಂಭಿಸಿದ ತೆರಿಗೆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ಇಲ್ಲಿಯ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಸ್ವಯಂ ಉದ್ಯೋಗಿಯೆಂದು ತಿಳಿಸಿ. ನೋಂದಾಯಿತರಾದ ಮೇಲೆ, ಅರ್ಹತೆಯುಳ್ಳ ಪೋಷಕರು ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಖಾತೆಯಿಂದಲೇ ನಿಮಗೆ ಹಣ ಕೊಡಬಹುದು. ಅವರು ಹಾಕುವ ಪ್ರತಿ 8 ಪೌಂಡಿಗೆ ಸರ್ಕಾರ 2 ಪೌಂಡ್ ಸೇರಿಸುತ್ತದೆ. ಲಕೋಟೆಯ ಆಂಟಿಗೆ ಈ ಸೌಲಭ್ಯವಿಲ್ಲ. ಇನ್ನು ಒಪ್ಪಂದದ ಮಾತು. ಪರಿಚಿತರೊಂದಿಗೆ ದುಡ್ಡಿನ ಮಾತೆತ್ತಲು ನಮಗೆ ಸಂಕೋಚ. ಆದರೂ ಗಂಟೆಯ ದರ, ರಜೆಯ ದಿನಗಳ ಹಣ, ಸಂಜೆ ತಡವಾಗಿ ಬಂದರೆ ಪ್ರತಿ ಹದಿನೈದು ನಿಮಿಷಕ್ಕೆ ಎಷ್ಟು ಎಂಬುದನ್ನೆಲ್ಲ ಮೊದಲ ದಿನವೇ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಆರು ಗಂಟೆಗೆ ಬರಬೇಕಾದವರು ಏಳಕ್ಕೆ ಬಂದು, ಬಾಗಿಲಲ್ಲೇ ನಿಂತು ಕಾಫಿ ಕುಡಿದು ಹೋಗುವವರು ನಮ್ಮವರೇ.