ಹೊಗೆ ಎಲ್ಲಿಂದ ಬರುತ್ತಿದೆ ಅಂತ ನೋಡಲು ಹೋದೆ

ಎರಡು ವರ್ಷದ ಹಿಂದೆ ನಾನು ಪರಿಸರದ ಕೆಲಸ ಬಿಟ್ಟಿದ್ದೆ. ಜಗಳ ಆಡಿ ಬಿಟ್ಟಿದ್ದಲ್ಲ. ಸುಮ್ನೆ ಸಭೆಗೆ ಹೋಗುವುದು ನಿಂತಿತು, ಆಮೇಲೆ ಗೆಳೆಯರ ಫೋನ್ ಎತ್ತುವುದೂ ನಿಂತಿತು. ಆಗ ಆರು ಗುಂಪುಗಳಲ್ಲಿದ್ದೆ. ಪ್ರತಿ ವರ್ಷ ಜೂನ್ 5ಕ್ಕೆ ಸಸಿ ನೆಡುತ್ತಿದ್ದೆವು. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೆ ನೆಡುತ್ತಿದ್ದೆವು. ನೀರು ಹಾಕುವ ಪಾಳಿ ಯಾರದೂ ಆಗಿರಲಿಲ್ಲ ನೋಡಿ.

ನನ್ನನ್ನು ವಾಪಸ್ ಎಳೆದು ತಂದಿದ್ದು ಹೊಗೆ. ಸಂಜೆಯಾದರೆ ಮನೆ ಹಿಂದಿನ ಖಾಲಿ ಜಾಗದಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಗಾಳಿ ಅಳೆಯುವ ಸಣ್ಣ ಮೀಟರ್ ತಂದು ಕಿಟಕಿಯಲ್ಲಿಟ್ಟೆ. ಪಿಎಂ 2.5 ಅನ್ನುವ ಕಣಗಳು ಎಷ್ಟು ಸಣ್ಣವು ಅಂದರೆ ಶ್ವಾಸಕೋಶ ದಾಟಿ ರಕ್ತಕ್ಕೂ ಇಳಿಯುತ್ತವೆ. ಅವುಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ನನ್ನ ಕಿಟಕಿಯಲ್ಲಿ ಕೆಲವು ಸಂಜೆ ಮೂರಂಕಿ. (ಇಂಥ ಮೀಟರ್ ತೇವದ ಗಾಳಿಯಲ್ಲಿ ಜಾಸ್ತಿ ತೋರಿಸುತ್ತದೆ. ಮಳೆ, ಮಂಜಿನ ದಿನದ ಅಂಕಿ ಹಿಡಿದು ಜಗಳಕ್ಕೆ ಹೋಗಬೇಡಿ. ನಾನು ಹೋಗಿ ಪೆಚ್ಚಾಗಿದ್ದೇನೆ.)

ದೂರು ಬರೆದೆ. ಕಳಿಸುವ ಮುಂಚೆ ಒಮ್ಮೆ ನೋಡಿ ಬರೋಣ ಅಂತ ಹೋದೆ. ಅಲ್ಲಿ ಒಬ್ಬ ಹೆಂಗಸು, ಅವರ ಮಗ. ಹಳೆ ವೈರ್ ಸುಟ್ಟು ಒಳಗಿನ ತಾಮ್ರ ತೆಗೆಯುತ್ತಿದ್ದರು. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ನನಗೆ ಅದು ಕಿಟಕಿ ದಾಟಿ ಬರುತ್ತಿತ್ತು, ಅವರಿಗೆ ನೇರ ಮುಖಕ್ಕೆ. ದೂರು ಕೊಟ್ಟಿದ್ದರೆ ಅವರ ಸಂಪಾದನೆ ಹೋಗುತ್ತಿತ್ತು, ಬೆಂಕಿ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಅಷ್ಟೇ ಅಲ್ವಾ?

"ನಮ್ಮ ಸಭೆಗೆ ಬನ್ನಿ" ಅಂದೆ.

"ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಹನ್ನೊಂದಕ್ಕೆ."

"ಆಗ ಬಂದ್ರೆ ಅವತ್ತಿನ ದುಡಿಮೆ ನೀವು ಕೊಡ್ತೀರಾ ಮೇಡಂ?"

ನಾವು ಹತ್ತು ವರ್ಷ ಹನ್ನೊಂದು ಗಂಟೆಗೇ ಸಭೆ ಮಾಡಿದ್ದೆವು. 1982ರಲ್ಲಿ ಅಮೆರಿಕದ ವಾರೆನ್ ಕೌಂಟಿಯಲ್ಲಿ, ಕಪ್ಪು ಜನರೇ ಹೆಚ್ಚಿದ್ದ ಕಡೆ ಪಿಸಿಬಿ ಅನ್ನುವ ವಿಷ ರಾಸಾಯನಿಕ ಬೆರೆತ ಮಣ್ಣು ಹೂಳಲು ಹೊರಟಾಗ ಜನ ಲಾರಿಗಳಿಗೆ ಅಡ್ಡ ಮಲಗಿದ ಕಥೆಯನ್ನು ನಾನೇ ಎಷ್ಟೋ ಭಾಷಣದಲ್ಲಿ ಹೇಳಿದ್ದೆ. ವಿಷ ಯಾವಾಗಲೂ ಬಡವರ ಬಾಗಿಲಿಗೇ ಹೋಗುತ್ತದೆ ಅಂತ. ಆ ಬಾಗಿಲಿನವರು ನಮ್ಮ ಸಭೆಗೆ ಬರಬಹುದಾದ ಹೊತ್ತು ಯಾವುದು ಅಂತ ಮಾತ್ರ ಯಾರನ್ನೂ ಕೇಳಿರಲಿಲ್ಲ.

ಐದು ಗುಂಪು ಬಿಟ್ಟೆ, ಒಂದನ್ನು ಉಳಿಸಿಕೊಂಡೆ. ಸಭೆ ರಾತ್ರಿ ಎಂಟಕ್ಕೆ ಬಂತು. ಮಕ್ಕಳನ್ನೂ ಕರೆತನ್ನಿ ಅಂದೆವು, ಗಲಾಟೆ ವಿಪರೀತ, ಇರಲಿ. ಎಲ್ಲರೂ ದುಡ್ಡು ಹಾಕಿ, ಕೈಯಲ್ಲಿ ತಿರುಗಿಸಿ ವೈರಿನ ಸಿಪ್ಪೆ ಸುಲಿಯುವ ಯಂತ್ರ ಕೊಂಡೆವು. ಸುಡದ ತಾಮ್ರ ಹೊಳೆಯುತ್ತದೆ, ಸುಟ್ಟದ್ದಕ್ಕಿಂತ ಒಳ್ಳೆ ಬೆಲೆಗೆ ಹೋಗುತ್ತದೆ. ಆರೋಗ್ಯದ ಬಗ್ಗೆ ನಾನು ಕೊಟ್ಟ ಉಪದೇಶಕ್ಕಿಂತ ಈ ಲೆಕ್ಕ ಆ ಹುಡುಗನಿಗೆ ಬೇಗ ಹಿಡಿಸಿತು. ಮಾಸ್ಕ್ ಕೊಟ್ಟು ನೋಡಿದೆ. ಬಿಸಿಲಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಅದು ಆಗದು. ಆ ಮಾತು ಬಿಟ್ಟೆ.

ಹೊಗೆ ಪೂರ್ತಿ ನಿಂತಿಲ್ಲ. ಚಾರ್ಜರ್, ಇಯರ್‌ಫೋನಿನಂಥ ಸಣ್ಣ ವೈರ್ ಈ ಯಂತ್ರಕ್ಕೆ ಸಿಗುವುದಿಲ್ಲ, ಅವು ಈಗಲೂ ಬೆಂಕಿಗೇ. ಹಾಗೆ ಉರಿಯುವ ಸಂಜೆ ಹಳೇ ಸುಸ್ತು ಮತ್ತೆ ಬರುತ್ತದೆ. ಆದರೆ ಈಗ ಕಿಟಕಿ ಮುಚ್ಚಿ ಕೂರುವುದಿಲ್ಲ, ಅಲ್ಲಿಗೇ ಹೋಗಿ ಕೂರುತ್ತೇನೆ.

ಈ ತಿಂಗಳ ಸಭೆಯ ಪಟ್ಟಿಯನ್ನು ಆಕೆಯೇ ಹೇಳಿ ಬರೆಸಿದರು. ಕೈಗವಸು, ಶೌಚಾಲಯ, ಸಣ್ಣ ವೈರ್. ಸಸಿ ನಾಲ್ಕನೆಯದು. ನೀರು ಹಾಕುವ ಪಾಳಿಯಲ್ಲಿ ಮೊದಲ ವಾರ ನನ್ನದು.