ಪಿಕಪ್ಪಿಗೆ ಟೂಲ್ಸ್ ಪೆಟ್ಟಿಗೆ: ಮೂರು ಹಾಳಾದ ಮೇಲೆ ನಾನು ಆರಿಸಿದ್ದು

ನಾನು ಪೆರ್ಲದ ಕಡೆಯವನು. ಪಂಪು, ಮೋಟರು, ಅಡಿಕೆಗೆ ಮದ್ದು ಬಿಡುವ ಸ್ಪ್ರೇಯರು, ಇವುಗಳ ರಿಪೇರಿ ನನ್ನ ಕೆಲಸ. ಹದಿನಾಲ್ಕು ವರ್ಷವಾಯಿತು. ಬದಿಯಡ್ಕ, ಮುಳ್ಳೇರಿಯ, ಬಾಯಾರು, ಒಮ್ಮೊಮ್ಮೆ ಉಪ್ಪಳ, ಮಂಜೇಶ್ವರದವರೆಗೂ ನನ್ನ ಪಿಕಪ್ ಓಡುತ್ತದೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದು ಹೋಗುತ್ತದೆ. ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಕಡಲ ಬದಿಗೆ ಹೋದರೆ ಉಪ್ಪು ಗಾಳಿ. ಟೂಲ್ಸ್ ಪೆಟ್ಟಿಗೆ ಎಷ್ಟು ಗಟ್ಟಿ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾಗಿಲ್ಲ.

ಇನ್ನೊಂದು ವಿಷಯ ಇದೆ. ಗಾಡಿ ತೋಟಕ್ಕೆ ಇಳಿಯುವುದಿಲ್ಲ. ನಮ್ಮಲ್ಲಿ ಮನೆ ಗುಡ್ಡದ ಮೇಲೆ, ತೋಟ ಕೆಳಗೆ. ಪಂಪು ಇನ್ನೂ ಕೆಳಗೆ, ಕೆರೆಯ ಬದಿಯಲ್ಲೋ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿಯಲ್ಲೋ. ಪಿಕಪ್ ಅಂಗಳದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುರಕಲ್ಲು ಕಡಿದು ಮಾಡಿದ ಮೆಟ್ಟಿಲು, ಆಮೇಲೆ ತೋಟದ ನೀರು ಹರಿಯುವ ಕಣಿ ದಾಟಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಮಳೆಗಾಲದಲ್ಲಿ ಎರಡಕ್ಕೂ ಪಾಚಿ ಹಿಡಿದಿರುತ್ತದೆ. ಹಿಡಿದುಕೊಳ್ಳಲು ಒಂದು ಕೈ ಖಾಲಿ ಬೇಕೇ ಬೇಕು. ಹಾಗಾಗಿ ಪೆಟ್ಟಿಗೆಗೆ ಸಿಗುವುದು ಒಂದೇ ಕೈ. ಪೆಟ್ಟಿಗೆ ಕೊಳ್ಳುವಾಗ ನಾನು ಇದನ್ನು ಯೋಚನೆಯೇ ಮಾಡಿರಲಿಲ್ಲ. ತಗಡು ದಪ್ಪ ಇದ್ದರೆ ಗಟ್ಟಿ ಅಂತ ಅಷ್ಟೇ ತಿಳಿದಿದ್ದೆ.

ಮೊದಲನೆಯದು ಐದು ಖಾನೆಯ ಕಬ್ಬಿಣದ ಪೆಟ್ಟಿಗೆ. ಎರಡು ಬದಿಗೂ ಮೆಟ್ಟಿಲಿನ ಹಾಗೆ ತೆರೆದುಕೊಳ್ಳುವಂಥದ್ದು. ವರ್ಕ್‌ಶಾಪಿನ ಮೇಜಿನ ಮೇಲೆ ಇಡುವುದಾದರೆ ಈಗಲೂ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ. ಎಲ್ಲಾ ಟೂಲ್ಸ್ ಕಣ್ಣಿಗೆ ಕಾಣುತ್ತದೆ, ಹುಡುಕಾಟ ಇಲ್ಲ. ಆದರೆ ಪಿಕಪ್ಪಿನ ಹಿಂದೆ ಅದು ದಿನವಿಡೀ ಕುಣಿಯುತ್ತದೆ. ಎರಡು ವರ್ಷದಲ್ಲಿ ಖಾನೆಗಳನ್ನು ಹಿಡಿದಿಡುವ ಪಟ್ಟಿಗಳ ರಿವೆಟ್ ಸಡಿಲವಾಯಿತು. ಮುಚ್ಚಿದಾಗ ಖಾನೆಗಳ ನಡುವೆ ಕಡ್ಡಿ ತೂರುವಷ್ಟು ಸಂದು. ಮಳೆ ನೀರು ನೇರ ಒಳಗೆ. ಒಂದು ದಿನ ಅಡಿಕೆ ಅಂಗಡಿಯಲ್ಲಿ ಕೆಲಸ ಇತ್ತು, ಸುಮ್ನೆ ಅವರ ತಕ್ಕಡಿಯ ಮೇಲೆ ಇಟ್ಟು ನೋಡಿದೆ. 23 ಕಿಲೋ 400 ಗ್ರಾಂ! ಅಷ್ಟು ಭಾರವನ್ನು ದಿನಕ್ಕೆ ನಾಲ್ಕು ಸಲ ಒಂದೇ ಕೈಯಲ್ಲಿ ಇಳಿಸಿ ಹತ್ತಿಸುತ್ತಿದ್ದೆ. ಬಲ ಭುಜದ ನೋವು ಎಲ್ಲಿಂದ ಬಂತು ಅಂತ ಆವತ್ತು ಗೊತ್ತಾಯಿತು.

ಆ ಪೆಟ್ಟಿಗೆ ಪೂರ್ತಿ ಹಾಳಾದದ್ದು ಮಾತ್ರ ಮೈಲುತುತ್ತಿನಿಂದ, ಅಂದರೆ ಕಾಪರ್ ಸಲ್ಫೇಟಿನಿಂದ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಬಿಡುತ್ತಾರಲ್ವಾ, ಆ ಸಮಯ. ಗಿರಾಕಿ ಭಟ್ಟರೊಬ್ಬರು ಬದಿಯಡ್ಕದಿಂದ ಬರುವಾಗ ಎರಡು ಪ್ಯಾಕೆಟ್ ಮೈಲುತುತ್ತು ತರಲು ಹೇಳಿದ್ದರು. ತಂದೆ. ಹಿಂದೆ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದೆ. ಪೆಟ್ಟಿಗೆಯ ಮೂಲೆ ತಾಗಿ ಒಂದು ಪ್ಯಾಕೆಟ್ ಹರಿಯಿತು, ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ನೀಲಿ ನೀರಿನಲ್ಲಿ ನಿಂತಿದೆ. ಎತ್ತಿ ಮಗುಚಿದೆ. ಅಡಿಯೆಲ್ಲಾ ಕೆಂಪು, ತುಕ್ಕಿನ ಕೆಂಪು ಅಲ್ಲ, ತಾಮ್ರದ ಬಣ್ಣ. ಉಗುರಿನಲ್ಲಿ ಕೆರೆದರೆ ಹುಡಿ ಹುಡಿಯಾಗಿ ಬರುತ್ತಿತ್ತು. ಕೆಳಗಿನ ಖಾನೆಯಲ್ಲಿದ್ದ ರಿಂಗ್ ಸ್ಪ್ಯಾನರುಗಳಲ್ಲಿ ಪಾಲಿಶ್ ಹೋದ ಕಡೆಯೆಲ್ಲಾ ಅದೇ ಬಣ್ಣ.

ಭಟ್ಟರು ನೋಡಿದ ಕೂಡಲೇ ಹೇಳಿದರು, "ಇದು ನಾವು ಕತ್ತಿಯಲ್ಲಿ ಮಾಡುವ ಪರೀಕ್ಷೆಯೇ ಅಲ್ವಾ ಮಾರಾಯ." ಬೋರ್ಡೋ ಮಾಡುವವರಿಗೆ ಇದು ಗೊತ್ತಿರುತ್ತದೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಗೆ ತಾಮ್ರದ ಬಣ್ಣ ಬಂದರೆ ಸುಣ್ಣ ಸಾಲದು ಅಂತ ಅರ್ಥ. ಮೈಲುತುತ್ತಿನ ನೀರಿನಲ್ಲಿ ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಅಂತ ಹೇಳುವುದು ಇದಕ್ಕೇ. ಜಿಂಕ್ ಬಳಿದ ತಗಡಿಗೂ ಅಲ್ಯೂಮಿನಿಯಂಗೂ ಇದು ಆಗಿಬರುವುದಿಲ್ಲ. ಆದ್ದರಿಂದ ಅಡಿಕೆ ಸೀಮೆಯಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟು: ಕೈಯಲ್ಲಿ ಹಿಡಿಯುವ ಪೆಟ್ಟಿಗೆ ಪ್ಲಾಸ್ಟಿಕ್ಕಿನದ್ದೇ ಇರಲಿ.

ಹಾಗಂತ ಯಾವ ಪ್ಲಾಸ್ಟಿಕ್ಕಾದರೂ ನಡೆಯುತ್ತದೆ ಅಂತ ಅಲ್ಲ. ನನ್ನ ಎರಡನೆಯ ಪೆಟ್ಟಿಗೆ ಹಳದಿ ಬಣ್ಣದ ಕಡಿಮೆ ಬೆಲೆಯದ್ದು. ಒಂದು ಬೇಸಿಗೆ ಪಿಕಪ್ಪಿನಲ್ಲಿ ಬಿಸಿಲು ತಿಂದಿತು. ಬೆರಳಲ್ಲಿ ಉಜ್ಜಿದರೆ ಸುಣ್ಣದ ಹಾಗೆ ಬಿಳಿ ಹುಡಿ. ಅಲ್ಲಿಗೆ ಅದರ ಆಯುಷ್ಯ ಮುಗಿದಿತ್ತು, ನನಗೆ ತಿಳಿಯಲಿಲ್ಲ. ಜುಲೈಯಲ್ಲಿ ಸಂಕದ ಮೇಲೆ ದಾಟುವಾಗ ಮುಂದಿನ ಕೊಂಡಿ ಟಕ್ಕೆಂದು ಮುರಿಯಿತು. ಮುಚ್ಚಳ ಬಾಯಿ ಬಿಟ್ಟಿತು. ಸಾಕೆಟ್ ಸೆಟ್ ಪೂರಾ ಕಣಿಗೆ. ಕೆಂಪು ನೀರಿನಲ್ಲಿ ಮೊಣಕೈವರೆಗೆ ಕೈ ಹಾಕಿ ತಡಕಾಡಿದೆ. ಹನ್ನೆರಡರಲ್ಲಿ ಏಳು ಸಿಕ್ಕಿತು. ಮೂರನೆಯದರಲ್ಲಿ ಕೊಂಡಿ ಗಟ್ಟಿ ಇತ್ತು, ಹಿಡಿ ಕಿತ್ತು ಬಂತು. ಎರಡು ಸಣ್ಣ ಸ್ಕ್ರೂ ಮೇಲೆ ನಿಂತ ಹಿಡಿ ಅದು.

ಈ ಮೂರರಲ್ಲಿ ಒಂದಾದರೂ ಗೋಡೆ ಒಡೆದು ಹಾಳಾಗಲಿಲ್ಲ ನೋಡಿ. ಹೋದದ್ದು ರಿವೆಟ್, ಕೊಂಡಿ, ಹಿಡಿ, ಅಡಿ. ಹಾಗಾಗಿ ನಾಲ್ಕನೆಯದನ್ನು ಕೊಳ್ಳಲು ಹೋದಾಗ ಈ ನಾಲ್ಕನ್ನೇ ನೋಡಿದೆ. ಗೋಣಿಯಲ್ಲಿ ನನ್ನದೇ ಟೂಲ್ಸ್ ತುಂಬಿಸಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಏನೂ ತಪ್ಪು ತಿಳಿಯಲಿಲ್ಲ, ಹಾಕಿ ನೋಡಿ ಅಂದರು. ತುಂಬಿಸಿ, ಎತ್ತಿ, ಒಂದೆರಡು ಸಲ ಜಗ್ಗಿದೆ. ಹಿಡಿಯ ಬುಡ ಬಾಗುತ್ತದಾ ನೋಡಿದೆ. ಮುಚ್ಚಳ ತೆರೆದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಕೀಲಿನ ಒಳಗೆ ಉಕ್ಕಿನ ಕಡ್ಡಿ ಉದ್ದಕ್ಕೆ ಹೋಗಿದ್ದರೆ ಅಲ್ಲಾಟ ಇರುವುದಿಲ್ಲ. ಬರೀ ಪ್ಲಾಸ್ಟಿಕ್ ಮಡಿಕೆಯೇ ಕೀಲಾಗಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಕೊಂಡಿ ಮುರಿದರೆ ಬೇರೆ ಕೊಂಡಿ ಸಿಗುತ್ತದಾ ಅಂತಲೂ ಕೇಳಿ.

ನೀರು ಒಳಗೆ ಹೋಗದ ಹಾಗೆ ಮುಚ್ಚಳದ ಸುತ್ತ ಇರುವ ರಬ್ಬರ್ ಬೀಡಿಂಗ್ ಸರಿ ಇದೆಯಾ ನೋಡಲು ಪೇಪರಿನ ತುಂಡು ಸಾಕು. ಮುಚ್ಚಳದ ಅಡಿಯಲ್ಲಿ ಪೇಪರ್ ಸಿಕ್ಕಿಸಿ ಕೊಂಡಿ ಹಾಕಿ ಎಳೆಯಿರಿ. ಸುತ್ತಲೂ ಎಲ್ಲಾ ಕಡೆ ಬಿಗಿ ಬರಬೇಕು. ಮೂಲೆಗಳಲ್ಲಿ ಜಾರಿ ಬಂದರೆ ನೀರೂ ಅಲ್ಲಿಂದಲೇ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಐಪಿ 65, ಐಪಿ 67 ಅಂತ ಬರೆದಿರುತ್ತಾರೆ. ಮೊದಲ ಅಂಕಿ ಧೂಳಿನದ್ದು. 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. ಎರಡನೆಯದು ನೀರಿನದ್ದು. 5 ಅಂದರೆ ಪೈಪಿನಲ್ಲಿ ನೀರು ಹೊಡೆದರೂ ತೊಂದರೆ ಇಲ್ಲ. 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ನಮ್ಮ ಮಳೆಗೆ 65 ಸಾಕು. ಬಣ್ಣ ಕಪ್ಪು ತೆಗೆದುಕೊಂಡೆ, ಕಪ್ಪು ಪ್ಲಾಸ್ಟಿಕ್ಕು ಬಿಸಿಲಿಗೆ ಜಾಸ್ತಿ ದಿನ ತಡೆಯುತ್ತದೆ. ಬೆಲೆ ಹಳದಿಯದ್ದಕ್ಕಿಂತ ನಾಲ್ಕು ಪಾಲು ಆಯಿತು. ಐದನೆಯ ಮಳೆಗಾಲ ಕಳೆಯಿತು, ಅದೇ ಪೆಟ್ಟಿಗೆ.

ಇದರೊಳಗೆ 12 ಕಿಲೋಗಿಂತ ಜಾಸ್ತಿ ಹಾಕುವುದಿಲ್ಲ. ಸ್ಪ್ಯಾನರ್, ಸಾಕೆಟ್, ಕಟಿಂಗ್ ಪ್ಲೇಯರ್, ಟೆಸ್ಟರ್, ಹ್ಯಾಕ್ಸಾ, ಸ್ಪ್ರೇಯರಿನ ಸೀಲು, ವಾಷರ್ ಅಷ್ಟೇ. ಕ್ಲ್ಯಾಂಪ್ ಮೀಟರು ಕ್ಯಾಬಿನ್ನಿನಲ್ಲಿ, ಅದರದ್ದೇ ಚೀಲದಲ್ಲಿ. 24 ಇಂಚಿನ ಪೈಪ್ ರೆಂಚು, ಚೈನ್ ಪುಲ್ಲಿ, ಪೈಪ್ ಎತ್ತುವ ಕ್ಲ್ಯಾಂಪು, ಇವೆಲ್ಲ ಗಾಡಿಯಲ್ಲೇ ಇರುವ ದೊಡ್ಡ ಪೆಟ್ಟಿಗೆಗೆ.

ಆ ದೊಡ್ಡದನ್ನು ಮಾಡಿಸಿದ್ದು ನಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ. "ತಗಡು ದಪ್ಪ ಹಾಕಿದರೆ ಸಾಕಲ್ಲ ಆಚಾರ್ರೇ?" ಅಂತ ಕೇಳಿದೆ. "ದಪ್ಪ ಮತ್ತೆ ನೋಡುವ. ನೀರು ಎಲ್ಲಿ ನಿಲ್ತದೆ ಹೇಳಿ" ಅಂದರು. ಅವರೇ ಎಲ್ಲಾ ಯೋಚಿಸಿ ಮಾಡಿದ್ದು. 16 ಗೇಜ್ ತಗಡು. ಅಡಿಯಲ್ಲಿ ಎರಡು ಆಂಗಲ್ ಕೊಟ್ಟು ಪಿಕಪ್ಪಿನ ನೆಲದಿಂದ ಒಂದೂವರೆ ಇಂಚು ಎತ್ತರಿಸಿದರು, ನೀರು ಅಡಿಯಿಂದ ಹರಿದು ಹೋಗುವ ಹಾಗೆ. ಮುಚ್ಚಳ ಹಿಂದಕ್ಕೆ ಸ್ವಲ್ಪ ಇಳಿಜಾರು, ಅಂಚು ಒಂದು ಇಂಚು ಕೆಳಗೆ ಮಡಿಸಿದ್ದು. ಒಳಗಿನ ಮೂಲೆಯಲ್ಲಿ ಎರಡು ಸಣ್ಣ ತೂತು, ಹೊಕ್ಕ ನೀರು ಹೊರಗೆ ಹೋಗಲು. ವೆಲ್ಡಿಂಗ್ ಆದ ಜಾಗ ಉಜ್ಜಿ ರೆಡ್ ಆಕ್ಸೈಡ್ ಎರಡು ಕೋಟ್, ಮೇಲೆ ಪೇಂಟು. ಕ್ಯಾಬಿನ್ನಿನ ಹಿಂಬದಿಗೆ ತಾಗಿಸಿ ದೊಡ್ಡ ವಾಷರ್ ಹಾಕಿ ನಾಲ್ಕು ಬೋಲ್ಟ್ ಬಿಗಿದೆವು. ತೂತು ಕೊರೆಯುವ ಮೊದಲು ಗಾಡಿಯ ಅಡಿಗೆ ಮಲಗಿ ಡೀಸೆಲ್ ಪೈಪು, ವಯರು ಎಲ್ಲಿದೆ ಅಂತ ನೋಡಲೇಬೇಕು. ಕೈಪೆಟ್ಟಿಗೆ ಇದರ ಪಕ್ಕದಲ್ಲಿ ರಬ್ಬರ್ ಮ್ಯಾಟಿನ ಮೇಲೆ, ಬೆಲ್ಟ್ ಬಿಗಿದು ಕೂರುತ್ತದೆ. ಮೈಲುತುತ್ತು ಯಾರು ಹೇಳಿದರೂ ಈಗ ಬಕೆಟಿನಲ್ಲಿ ಮುಚ್ಚಳ ಹಾಕಿಯೇ ತರುವುದು.

ಬೀಡಿಂಗ್ ಇರುವ ಪೆಟ್ಟಿಗೆಯಲ್ಲಿ ಒಂದು ಅಪಾಯ ಇದೆ, ಅದು ನನಗೆ ಮೊದಲ ಮಳೆಗಾಲದಲ್ಲೇ ಗೊತ್ತಾಯಿತು. ಹೊರಗಿನ ನೀರನ್ನು ಒಳಗೆ ಬಿಡದ ಪೆಟ್ಟಿಗೆ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಒದ್ದೆ ಸ್ಪ್ಯಾನರ್ ಹಾಕಿ ಮುಚ್ಚಿದರೆ ಎರಡೇ ದಿನದಲ್ಲಿ ತುಕ್ಕು. ಅದಕ್ಕೆ ಸಂಜೆ ಮನೆಗೆ ಬಂದ ಮೇಲೆ ಪೆಟ್ಟಿಗೆಯನ್ನು ಜಗಲಿಯಲ್ಲಿ ತೆರೆದಿಡುತ್ತೇನೆ. ಟೂಲ್ಸ್ ಹಳೆ ಬನಿಯನ್ನಿನಲ್ಲಿ ಒರಸಿ, ಹೊಲಿಗೆ ಮಿಷನಿನ ಎಣ್ಣೆ ಒಂದು ಕೈ ಸವರುತ್ತೇನೆ. ನಮ್ಮಲ್ಲಿ ತುಂಬಾ ಜನ ತೆಂಗಿನೆಣ್ಣೆ ಹಚ್ಚುತ್ತಾರೆ, ಅದು ಬರಬರುತ್ತಾ ಅಂಟಾಗಿ ಧೂಳು ಹಿಡಿಯುತ್ತದೆ. ಒಳಗೆ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣ ಇರುತ್ತದೆ. ನೀಲಿ ಇದ್ದದ್ದು ಗುಲಾಬಿ ಆದರೆ ತೇವ ಕುಡಿದಿದೆ ಅಂತ ಲೆಕ್ಕ, ಆಗ ಬದಲಿಸುತ್ತೇನೆ. ಈ ಸಲದ ಜುಲೈಯಲ್ಲಿ ಹತ್ತು ದಿನಕ್ಕೊಮ್ಮೆ ಬದಲಿಸಬೇಕಾಯಿತು. ಎಡಗಡೆಯ ಮೂಲೆಯಲ್ಲಿ ಬೀಡಿಂಗ್ ಸ್ವಲ್ಪ ಚಪ್ಪಟೆಯಾಗಿದೆ, ಪೇಪರ್ ಅಲ್ಲಿ ಜಾರುತ್ತದೆ. ಹೊಸ ಬೀಡಿಂಗಿಗೆ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ.