ಹಳೇ ವೈಫೈ ಹೆಸರೇ ಟ್ಯಾಬ್‌ಗಳನ್ನು ಉಳಿಸಿತು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಟ್ಯಾಬ್‌ಗಳ ಉಸ್ತುವಾರಿ ನನ್ನದು. ತೂಕ ಬರೆಯುವ ಆಪ್ ಬಿಟ್ಟು ಬೇರೇನೂ ತೆರೆಯದಂತೆ ಎಂಡಿಎಂನಲ್ಲಿ (ಎಲ್ಲಾ ಟ್ಯಾಬ್‌ಗಳನ್ನು ದೂರದಿಂದಲೇ ನಿಯಂತ್ರಿಸುವ ಸಾಫ್ಟ್‌ವೇರ್) ಕಿಯೋಸ್ಕ್ ಮೋಡ್ ಹಾಕಿದ್ದೇವೆ. ಕೊಯ್ಲಿನ ಸಮಯದಲ್ಲೇ ವೈಫೈ ಪಾಸ್‌ವರ್ಡ್ ಬದಲಾಯಿತು. ವೈಫೈ ವಿವರ ಇರುವ ಪ್ರೊಫೈಲ್ ತಿದ್ದಿ ಅದರಿಂದಲೇ ಎಲ್ಲಾ ಟ್ಯಾಬ್‌ಗಳಿಗೂ ಕಳಿಸಿದೆ. ಆದರೆ ಮುಳ್ಳಯ್ಯನಗಿರಿ ಕಡೆಯ ತೋಟಗಳಿಗೆ ಹೋಗಿದ್ದ 6 ಟ್ಯಾಬ್‌ಗಳಿಗೆ ಅದು ತಲುಪಲಿಲ್ಲ. ಅವುಗಳಲ್ಲಿ ಸಿಮ್ ಇಲ್ಲ, ಸೆಟ್ಟಿಂಗ್ಸ್ ತೆರೆಯುವುದಿಲ್ಲ. ಹೊಸ ಪಾಸ್‌ವರ್ಡ್ ಬರಲು ನೆಟ್ ಬೇಕು, ನೆಟ್ ಸಿಗಲು ಹೊಸ ಪಾಸ್‌ವರ್ಡ್ ಬೇಕು!

ಫ್ಯಾಕ್ಟರಿ ರೀಸೆಟ್ ಮಾಡಿದ್ದರೆ ಸರ್ವರ್‌ಗೆ ಇನ್ನೂ ಸೇರದ ತೂಕದ ಲೆಕ್ಕ ಅಳಿಸಿಹೋಗುತ್ತಿತ್ತು. ಅದು ಬೆಳೆಗಾರರ ದುಡ್ಡಿನ ಲೆಕ್ಕ ಅಲ್ವಾ? ನನಗೆ ಮನಸ್ಸಾಗಲಿಲ್ಲ.

ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಕೊಟ್ಟೆ. ಒಂದಕ್ಷರವೂ ಆಚೀಚೆ ಆಗಬಾರದು. ಭದ್ರತೆಯೂ ಮೊದಲಿನಂತೆ ಡಬ್ಲ್ಯೂಪಿಎ2 ಇರಬೇಕು. ಆಫೀಸ್ ಸಿಗ್ನಲ್ ತಲುಪದ ಗೋಡೌನ್ ಹಿಂದಕ್ಕೆ ಟ್ಯಾಬ್‌ಗಳನ್ನು ಒಯ್ದೆ, ಇಲ್ಲದಿದ್ದರೆ ಒಂದೇ ಹೆಸರಿನ ಎರಡು ನೆಟ್‌ವರ್ಕ್‌ಗಳ ಗೊಂದಲ. ಸ್ವಲ್ಪ ಹೊತ್ತಿಗೆ ತಾವಾಗೇ ಸೇರಿಕೊಂಡವು. ಲೆಕ್ಕ ಸರ್ವರ್‌ಗೆ ಹೋಯಿತು, ಹೊಸ ಪ್ರೊಫೈಲ್ ಬಂತು.

ಈಗ ಪಾಸ್‌ವರ್ಡ್ ಬದಲಿಸಬೇಕಾದರೆ ಹೊಸ ಹೆಸರಿನ ವೈಫೈಯ ವಿವರವನ್ನು ಮೊದಲು ಕಳಿಸುತ್ತೇನೆ. ಎಲ್ಲಾ ಟ್ಯಾಬ್ ಅದನ್ನು ತಗೊಂಡಿದ್ದು ಎಂಡಿಎಂ ಕನ್ಸೋಲ್‌ನಲ್ಲಿ ಕಂಡ ಮೇಲಷ್ಟೇ ಹಳೇದನ್ನು ತೆಗೆಯುತ್ತೇನೆ.